ಏಳನೇ ಗೂಟದ ಬೆಲ್ಟು

"ಮುಖ ನೋಡಿದ್ರಾ, ಇಲ್ವಾ? ಅಷ್ಟು ಹೇಳಿ ಸಾಕು."

ಜಿಮ್ಮಿನ ಕೋಚ್ ನೀರಿನ ಬಾಟಲಿಯ ಮುಚ್ಚಳ ತೆಗೆದ, ಕುಡಿಯಲಿಲ್ಲ, ಮತ್ತೆ ಮುಚ್ಚಿದ. ಆ ಗಾಜಿನ ಗೂಡು ಅವನೊಬ್ಬನ ತೋಳುಗಳಿಗೇ ಸಾಲದು. ಈಗ ಎದುರಿಗೆ ಇನ್ಸ್‌ಪೆಕ್ಟರಮ್ಮ, ಪಕ್ಕದಲ್ಲಿ ಹೆಡ್ ಕಾನ್‌ಸ್ಟೇಬಲ್ ಮೀಸೆ. ಮೀಸೆಗೆ ಹೆಸರೊಂದು ಬೇರೆ ಇತ್ತು; ಅದನ್ನು ಅವನ ಹೆಂಡತಿಯೂ ಮರೆತಿದ್ದಳು.

"ಮೇಡಂ, ಹೋದ ವಾರಾನೇ ಬರ್ಕೊಟ್ಟಿದೀನಲ್ಲ. ಆವತ್ತು ಬೆಳಿಗ್ಗೆ ಐದು ಐವತ್ತರಿಂದ ಆರು ಐವತ್ತರ ತನಕ ಚಿಕ್ಕ ಡಾಕ್ಟರು ಇಲ್ಲೇ ಇದ್ರು."

"ಅದನ್ನ ನಾನೂ ಓದಿದೀನಿ. ಮುಖ ನೋಡಿದ್ರಾ?"

"ಸ್ಕ್ರೀನ್ ಮೇಲೆ ನೋಡಿದೆ."

"ಅದು ನಂಬರು."

"ಬೆಳಿಗ್ಗೆ ಹೊತ್ತು ಮೂವತ್ತು ಜನ ಇರ್ತಾರೆ ಮೇಡಂ. ಮುಖ ನೋಡ್ತಾ ಕೂತ್ರೆ ಯಾರೋ ಒಬ್ರು ಎದೆ ಹಿಡ್ಕೊಂಡು ಬಿದ್ದಿರ್ತಾರೆ. ನಾನು ನೋಡೋದು ಗೋಡೇನ. ಯಾರ ನಂಬರು ಕೆಂಪಾಯ್ತೋ ಅವರನ್ನ ಕೂಗಿ ನಿಲ್ಲಿಸ್ತೀನಿ. ಅವರ ಏಳನೇ ನಂಬರು ಆವತ್ತು ಪೂರ್ತಿ ಒಂದು ಗಂಟೆ ಇತ್ತು."

"ಅಂದ್ರೆ ನೋಡಿಲ್ಲ."

"ನೋಡಿಲ್ಲ," ಎಂದ ಕೋಚ್, ಬಾಟಲಿಗೆ ಹೇಳುವವನಂತೆ.

ಹೋದ ವಾರ ಇದೇ ಕೈ 'ಕಣ್ಣಾರೆ ಕಂಡಿದ್ದೇನೆ' ಎಂದು ಬರೆದು ಸಹಿ ಹಾಕಿತ್ತು. ಆ ಬಾಟಲಿ ಕಿತ್ತುಕೊಂಡು ಅವನ ತಲೆಗೇ ಹೊಡೆಯೋಣವೆನ್ನುವಷ್ಟು ಸಿಟ್ಟು ಬಂತು ಇನ್ಸ್‌ಪೆಕ್ಟರಮ್ಮನಿಗೆ. ಅದಕ್ಕೂ ಪುರುಸೊತ್ತಿರಲಿಲ್ಲ. ಗಂಟೆ ಆಗಲೇ ಎರಡೂವರೆ.

ಎಂಟು ದಿನದ ಹಿಂದೆ, ಅದೇ ಒಂದು ಗಂಟೆಯೊಳಗೆ, ಎರಡು ಬೀದಿ ಆಚೆಯ ಹಲ್ಲಿನ ಕ್ಲಿನಿಕ್ಕಿನಲ್ಲಿ ಚಿಕ್ಕ ಡಾಕ್ಟರ ಪಾಲುದಾರರಾದ ದೊಡ್ಡ ಡಾಕ್ಟರ ತಲೆಗೆ ಯಾರೋ ಹಿಂದಿನಿಂದ ಹೊಡೆದು ಕೊಂದಿದ್ದರು. ಆ ಕೊಲೆಗೆ ಲಾಕಪ್ಪಿನಲ್ಲಿ ಕೂತಿದ್ದವನು ಅಲ್ಲಿ ಹಲ್ಲುಸೆಟ್ಟು ಮಾಡಿಕೊಡುತ್ತಿದ್ದ ಮುದುಕ. ಚಿಕ್ಕವರು ದೊಡ್ಡವರು ಎಲ್ಲರ ಬಾಯಲ್ಲೂ ಹಲ್ಲಜ್ಜ. ಇವತ್ತು ಸಂಜೆ ಐದಕ್ಕೆ ಅವನನ್ನು ದೋಷಾರೋಪದ ಕಾಗದ ಸಮೇತ ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು. ಆಮೇಲೆ ಜೈಲು. ಅರವತ್ತೆರಡು ವಯಸ್ಸು, ಒಮ್ಮೆ ಕೈಕೊಟ್ಟ ಹೃದಯ. ಜೈಲಿನಿಂದ ಅವನು ನಡೆದುಕೊಂಡು ಹೊರಗೆ ಬರುತ್ತಾನೆಂಬ ಭ್ರಮೆ ಯಾರಿಗೂ ಇರಲಿಲ್ಲ.

ಅವನನ್ನು ಹಿಡಿದು ತಂದವಳು ಆಕೆಯೇ. ಕೊಲೆಗೆ ಬಳಸಿದ್ದು ಸೆಟ್ಟು ಬೇಯಿಸುವ ಹಿತ್ತಾಳೆಯ ಅಚ್ಚು. ಅದರ ಮೇಲೆ ಅವನ ಬೆರಳ ಗುರುತು ಬಿಟ್ಟರೆ ಇನ್ನೊಬ್ಬರದ್ದಿಲ್ಲ. "ಮನೇಲಿ ಮಲಗಿದ್ದೆ" ಎಂದ. ಪಕ್ಕದ ಮನೆಯವರು "ಆರಕ್ಕೇ ಬಾಗಿಲಿಗೆ ಬೀಗ ಇತ್ತು" ಎಂದರು. ಸುಳ್ಳು ಸಿಕ್ಕಿಬಿತ್ತು, ಕೇಸು ಮುಗಿಯಿತು, ಪತ್ರಿಕೆಯಲ್ಲಿ ಆಕೆಯ ಫೋಟೋ ಬಂತು. ಈಗ ಆ ಫೋಟೋ ನೆನೆದರೆ ಮೈಯೆಲ್ಲ ಉರಿಯುತ್ತದೆ. ಆಕೆಯ ಅಮ್ಮ ಕೊನೆಯ ಎರಡು ವರ್ಷ ಅಗಿದು ತಿಂದದ್ದು ಇದೇ ಹಲ್ಲಜ್ಜ ಮೂರು ಸಲ ತೇಯ್ದು ತಿದ್ದಿ ಕೂರಿಸಿದ ಸೆಟ್ಟಿನಲ್ಲಿ.

ಅನುಮಾನ ಶುರುವಾದದ್ದು ಅವನ ಮೊಂಡುತನದಿಂದ. ಕೊಂದವರು ದಿನಕ್ಕೊಂದು ಕಥೆ ಕಟ್ಟುತ್ತಾರೆ. ಈತ ಎಂಟು ದಿನವೂ ಹರಕಲು ಸುಳ್ಳೊಂದನ್ನೇ ಹೊದ್ದುಕೊಂಡು ಕೂತಿದ್ದ.

"ಬೆಲ್ಟು ತೋರ್ಸಿ," ಎಂದಳು.

ಬಟ್ಟೆ ಬದಲಾಯಿಸುವ ಕೋಣೆಯ ಹೊರಗೋಡೆಗೆ ಸಾಲಾಗಿ ಗೂಟಗಳು, ಒಂದೊಂದರ ಮೇಲೂ ಸಂಖ್ಯೆ, ಒಂದೊಂದಕ್ಕೂ ನೇತುಹಾಕಿದ ಕಪ್ಪು ಬೆಲ್ಟು. ಎದೆಯ ಕೆಳಗೆ ಬಿಗಿದು ಕಟ್ಟಿಕೊಂಡರೆ ಅದು ಎದೆಬಡಿತವನ್ನು ಲೆಕ್ಕಹಾಕಿ ಗೋಡೆಯ ದೊಡ್ಡ ಪರದೆಗೆ ಕಳಿಸುತ್ತದೆ. ಪರದೆಯಲ್ಲಿ ಹೆಸರಿಲ್ಲ, ಸಂಖ್ಯೆ, ಬಡಿತ, ಬಣ್ಣ, ಅಷ್ಟೇ. ನಿಧಾನಕ್ಕೆ ನೀಲಿ, ಹದಕ್ಕೆ ಹಸಿರು, ಜೋರಿಗೆ ಹಳದಿ, ಅತಿಗೆ ಕೆಂಪು. ಓಡುವ ಯಂತ್ರಗಳೆಲ್ಲ ಗೋಡೆಗೆ ಮುಖ ಮಾಡಿದ್ದವು. ಪಕ್ಕದವನು ಸತ್ತುಬಿದ್ದರೂ ಇವರಿಗೆ ಗೊತ್ತಾಗುವುದು ಅವನ ಸಂಖ್ಯೆ ಸೊನ್ನೆಯಾದ ಮೇಲೆಯೇ ಇರಬೇಕು.

ಮೀಸೆ ಏಳನೇ ಬೆಲ್ಟನ್ನು ಎತ್ತಿ ಮೂಸಿದ. "ಅಬ್ಬಾ! ಡಾಕ್ಟರ ಬೆವರಿಗೂ ನಮ್ಮ ಬೆವರಿಗೂ ಏನೂ ವ್ಯತ್ಯಾಸ ಇಲ್ಲ ಮೇಡಂ."

"ಒಬ್ಬರ ಬೆಲ್ಟು ಇನ್ನೊಬ್ಬರು ಕಟ್ಕೊಂಡ್ರೆ?"

ಕೋಚ್ ತಲೆ ಕೆರೆದುಕೊಂಡ.

"ಏನು? ಹೇಳ್ರೀ."

"ಅದೇನಂದ್ರೆ ಮೇಡಂ... ಇಲ್ಲಿ ನೂರು ದಿನದ ಪಂದ್ಯ ಅಂತ ಇದೆ. ನೂರು ದಿನ ಒಂದು ದಿನಾನೂ ತಪ್ಪಿಸದೆ ಬಂದವರ ಫೋಟೋ ಗೋಡೆಗೆ ಹಾಕ್ತೀವಿ. ತೊಂಬತ್ತು ದಾಟಿದ ಮೇಲೆ ಯಾರಿಗಾದ್ರೂ ಜ್ವರ ಬಂದ್ರೆ, ಊರಿಗೆ ಹೋಗ್ಬೇಕಾದ್ರೆ, ಮನೆಯವರು ಯಾರಾದ್ರೂ ಬಂದು ಆ ಬೆಲ್ಟು ಕಟ್ಕೊಂಡು ನಡೆದು ಹೋಗ್ತಾರೆ. ಗಂಡಂದು ಹೆಂಡತಿ, ಅಣ್ಣಂದು ತಮ್ಮ. ಎಲ್ಲರಿಗೂ ಗೊತ್ತಿರೋ ಕಳ್ಳತನ. ನಾನೂ ನೋಡಿ ನೋಡದ ಹಾಗೆ ಇದ್ಬಿಡ್ತೀನಿ."

"ಗೋಡೆ ಮೇಲೆ ಒಂದು ಫೋಟೋ ಬರಲಿ ಅಂತ."

"ಜನಕ್ಕೆ ಆಸೆ ಮೇಡಂ."

"ಆವತ್ತು ಏಳನೇ ನಂಬರಿಗೆ ಎಷ್ಟನೇ ದಿನ?"

"ತೊಂಬತ್ಮೂರು."

ಕ್ಯಾಮೆರಾ ಕೇಳಿದರೆ, ಬಟ್ಟೆ ಬದಲಾಯಿಸುವ ಕಡೆ ಬೀಳುತ್ತದೆಂದು ಸದಸ್ಯರು ಜಗಳ ತೆಗೆದಿದ್ದರಂತೆ, ಕಿತ್ತುಹಾಕಿದ್ದರು. ಆಕೆ ಏಳನೇ ಸಂಖ್ಯೆಯ ಹಳೆಯ ದಾಖಲೆಯನ್ನೆಲ್ಲ ಕಾಗದಕ್ಕೆ ಇಳಿಸಲು ಹೇಳಿ, ಹಾಳೆಗಳನ್ನು ಅಲ್ಲೇ ನೆಲದ ಮೇಲೆ ಹರಡಿಕೊಂಡು ಕೂತಳು. ಕೋಚ್ ಚಾಪೆ ತಂದುಕೊಟ್ಟ. ಬೇಡವೆನ್ನಲಿಲ್ಲ, ಮಂಡಿನೋವಿಗೆ ಪೊಲೀಸಿನವರೆಂಬ ಮುಲಾಜಿಲ್ಲ.

ತೊಂಬತ್ತೆರಡು ದಿನದ ಗೆರೆಗಳು ಒಂದೇ ಅಚ್ಚಿನವು. ಶುರುವಿನಲ್ಲಿ ಎಪ್ಪತ್ತು, ಐದು ನಿಮಿಷ ಜೋರು ಓಟಕ್ಕೆ ನೂರ ಅರವತ್ತು ದಾಟಿ ಕೆಂಪು, ಎರಡು ನಿಮಿಷ ನಿಧಾನಕ್ಕೆ ಇಳಿತ, ಮತ್ತೆ ಏರಿಕೆ. ಗರಗಸದ ಹಲ್ಲಿನ ಹಾಗೆ. ತೊಂಬತ್ಮೂರನೆಯ ದಿನ ಮಾತ್ರ ಗೆರೆ ಐವತ್ತಾರರಲ್ಲಿ ಹೊರಟು, ಆಲಸ್ಯದಿಂದ ನೂರ ಆರಕ್ಕೆ ಏರಿ, ಅಲ್ಲಿಂದ ಮೇಲೆ ಏನು ಮಾಡಿದರೂ ಹೋಗದೆ, ಒಂದು ಗಂಟೆ ತಣ್ಣಗೆ ನೀಲಿ ಹಸಿರಿನಲ್ಲೇ ಉಳಿದಿತ್ತು.

"ಇದು ನೋಡಿದಾಗ ನಿಮಗೇನೂ ಅನ್ನಿಸ್ಲಿಲ್ವಾ?"

"ಖುಷಿ ಆಯ್ತು ಮೇಡಂ! ನನ್ನ ತರಬೇತಿ ಕೊನೆಗೂ ಹತ್ತಿತು ಅಂದ್ಕೊಂಡೆ. ಶಹಬ್ಬಾಸ್ ಅಂತ ಮೆಸೇಜೂ ಹಾಕಿದೆ."

"ಮಾರನೇ ದಿನ ಮತ್ತೆ ನೂರ ಅರವತ್ತೆಂಟು. ನಿಮ್ಮ ತರಬೇತಿ ಒಂದೇ ರಾತ್ರಿಗೆ ಇಳಿದುಹೋಯ್ತಾ?"

ಕೋಚ್ ನಾಲಿಗೆ ಕಚ್ಚಿಕೊಂಡ. ಇನ್ಸ್‌ಪೆಕ್ಟರಮ್ಮ ನೋಡುತ್ತಿದ್ದದ್ದು ಬೇರೊಂದನ್ನು. ಪಾಲುದಾರ ಸತ್ತ ಮಾರನೆಯ ಬೆಳಿಗ್ಗೆಯೂ ಚಿಕ್ಕ ಡಾಕ್ಟರು ಇಲ್ಲಿಗೆ ಬಂದು ಬೆವರು ಸುರಿಸಿ ಹೋಗಿದ್ದರು. ಹೆಣ ಇನ್ನೂ ಆಸ್ಪತ್ರೆಯಲ್ಲಿತ್ತು.

ಆದರೆ ಆ ತಣ್ಣನೆಯ ಗೆರೆಯನ್ನು ಎಲ್ಲೋ ಕಂಡಿದ್ದೇನಲ್ಲ?

ಕಂಡಿದ್ದಳು, ತನ್ನ ಮನೆಯಲ್ಲೇ. ಎರಡು ವರ್ಷದ ಹಿಂದೆ ಯಜಮಾನರಿಗೆ ಹೃದಯಾಘಾತವಾಗಿತ್ತು. ಚೇತರಿಸಿಕೊಂಡ ಮೇಲೆ ನಡಿಗೆಗೆಂದು ಒಂದು ಗಡಿಯಾರ ಕೊಂಡು ತಂದರು. ದಿನಕ್ಕೆ ನಲವತ್ತು ಸಲ ಮಣಿಕಟ್ಟು ನೋಡುವುದು, ಎಷ್ಟು ನಡೆದರೂ ಬಡಿತ ನೂರು ದಾಟುವುದಿಲ್ಲ, ಗಡಿಯಾರ ಕೆಟ್ಟಿದೆ ಎಂದು ರಂಪ ಮಾಡುವುದು. ಕೊನೆಗೆ ಹೃದಯದ ಡಾಕ್ಟರು ನಕ್ಕು ಹೇಳಿದರು: "ಗಡಿಯಾರ ಸರಿಯಾಗೇ ಇದೆ ಸ್ವಾಮಿ. ನಾನು ಕೊಟ್ಟಿರೋ ಮಾತ್ರೆ ನಿಮ್ಮ ಎದೇನ ಓಡೋಕೆ ಬಿಡಲ್ಲ. ಸಂಖ್ಯೆ ನೋಡ್ಬೇಡಿ, ಉಸಿರು ನೋಡಿ. ನಡೀತಾ ಮಾತಾಡೋಕಾಗ್ಬೇಕು, ಹಾಡೋಕಾಗ್ಬಾರ್ದು. ಅದೇ ಹದ."

ಆವತ್ತು ಏಳನೇ ಬೆಲ್ಟು ಕಟ್ಟಿಕೊಂಡು ನಡೆದದ್ದು ಆ ಥರದ ಮಾತ್ರೆ ನುಂಗುವ ಮನುಷ್ಯ.

"ಮೀಸೆ, ನಮ್ಮ ಲಾಕಪ್ಪಿನ ಪುಸ್ತಕದಲ್ಲಿ ಔಷಧಿ ಪುಟ ಇದೆಯಲ್ಲ. ಅದರಲ್ಲಿ ದಿನಾ ಬೆಳಿಗ್ಗೆ ಏನು ಬರೀತೀವಿ?"

"ಹಲ್ಲಜ್ಜಂಗೆ ಮಾತ್ರೆ ಮೇಡಂ. ಅರ್ಧ. ಮಗಳು ತರ್ತಾಳೆ, ನಾನು ನುಂಗಿಸ್ತೀನಿ, ನೀವು ಸಹಿ ಹಾಕ್ತೀರಿ."

"ಯಾವ ಮಾತ್ರೆ?"

ಮೀಸೆ ಹೆಸರು ಹೇಳಿದ. ಯಜಮಾನರ ಡಬ್ಬಿಯಲ್ಲಿದ್ದದ್ದೂ ಅದೇ. ಎಂಟು ದಿನ ಎಂಟು ಸಹಿ ಹಾಕಿದ್ದಳು, ಒಂದು ದಿನವೂ ಓದಿರಲಿಲ್ಲ. ತನ್ನ ಮೇಲೆ ತನಗೇ ಅಸಹ್ಯವಾಯಿತು.

ಜೀಪಿನಲ್ಲಿ ಕೂತೇ ಮೇಲಧಿಕಾರಿಗೆ ಫೋನು ಮಾಡಿದಳು. ಆತ ಪೂರ್ತಿ ಕೇಳಿಸಿಕೊಂಡರು. ಕೇಳಿಸಿಕೊಳ್ಳುತ್ತ ಏನನ್ನೋ ಅಗಿಯುತ್ತಿದ್ದರು.

"ಆ ಗೆರೆ ಯಾರ ಎದೇದು ಅಂತ ಅದರ ಮೇಲೆ ಬರೆದಿದೆಯೇನಮ್ಮಾ? ಈ ಊರಲ್ಲಿ ಸಾವಿರ ಜನ ಆ ಮಾತ್ರೆ ತಗೋತಾರೆ. ನ್ಯಾಯಾಧೀಶರು ನಗ್ತಾರೆ."

"ಹಲ್ಲಜ್ಜನೇ ಒಪ್ಪಿಕೊಂಡ್ರೆ ಸರ್?"

"ನಾನು ಜಿಮ್ಮಲ್ಲಿದ್ದೆ ಅಂತ ಅವನೇ ಬರೆದು ಸಹಿ ಹಾಕಿದ್ರೆ ಐದು ಗಂಟೇದನ್ನ ಇನ್ನೊಂದು ದಿನಕ್ಕೆ ಹಾಕಿಸೋದು ನನ್ನ ಜವಾಬ್ದಾರಿ. ಇಲ್ದಿದ್ರೆ ಅವನು ಐದಕ್ಕೆ ಕಟಕಟೇಲಿರ್ಬೇಕು."

ಠಾಣೆಯ ವರಾಂಡದ ಬೆಂಚಿನ ಮೇಲೆ ಹಲ್ಲಜ್ಜನ ಮಗಳು ಕೂತಿದ್ದಳು. ಎಂಟು ದಿನದಿಂದ ಅದೇ ಬೆಂಚು, ಮಡಿಲಲ್ಲಿ ಅದೇ ಊಟದ ಡಬ್ಬಿ. ಇಪ್ಪತ್ತಾರರ ಹುಡುಗಿ, ಅದೇ ಕ್ಲಿನಿಕ್ಕಿನಲ್ಲಿ ರೋಗಿಗಳ ಸರದಿ ಬರೆಯುವ ಕೆಲಸ. ಕೊಲೆಯ ಹಿಂದಿನ ದಿನವೇ ಚಿಕ್ಕಮ್ಮನ ಮನೆಗೆ ಹೋಗಿದ್ದೆ, ತನಗೇನೂ ಗೊತ್ತಿಲ್ಲ ಎಂದಿದ್ದಳು. ಅಳುವುದು ಕಡಿಮೆ, ಕೇಳಿದ್ದಕ್ಕಷ್ಟೇ ಉತ್ತರ. ದಿನವೂ ಅವಳನ್ನು ಕಾರಿನಲ್ಲಿ ತಂದುಬಿಟ್ಟು ಕರೆದೊಯ್ಯುತ್ತಿದ್ದವರು ಚಿಕ್ಕ ಡಾಕ್ಟರು. ಪಾಪ, ಒಳ್ಳೆಯ ಮನುಷ್ಯ ಎಂದು ಠಾಣೆಯಲ್ಲಿ ಎಲ್ಲರೂ ಅಂದುಕೊಂಡಿದ್ದರು.

"ಇವತ್ತು ಅಪ್ಪನ್ನ ಮನೆಗೆ ಕರ್ಕೊಂಡು ಹೋಗ್ತೀಯಮ್ಮ," ಎಂದಳು ಇನ್ಸ್‌ಪೆಕ್ಟರಮ್ಮ, ನಡೆಯುತ್ತಲೇ. ಹೇಳಬಾರದಿತ್ತು. ತಡೆಯಲಾಗಲಿಲ್ಲ.

ಹುಡುಗಿ ಡಬ್ಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಹೌದಾ?" ಎಂದಳು, ಅಷ್ಟೇ. ಸಂತೋಷಕ್ಕೆ ಬಾಯಿ ಕಟ್ಟಿತೆಂದು ತಿಳಿದು ಇನ್ಸ್‌ಪೆಕ್ಟರಮ್ಮ ಒಳಗೆ ಹೋದಳು.

ಗಂಟೆ ಮೂರೂಮುಕ್ಕಾಲು.

ಹಲ್ಲಜ್ಜನನ್ನು ಮಹಡಿ ಮೆಟ್ಟಿಲ ಬುಡಕ್ಕೆ ಕರೆತಂದರು. ಕುಳ್ಳ, ತೆಳ್ಳಗಿನ ಮನುಷ್ಯ. ಉಗುರ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ಬಿಳಿ ಗಾರೆಪುಡಿ. ಮೀಸೆ ಬೆಲ್ಟನ್ನು ಅವನ ಕೈಗಿತ್ತ.

"ಇದೇನು ಗೊತ್ತಾ ಅಜ್ಜ?" ಎಂದಳು.

"ಗೊತ್ತಿಲ್ಲ ಮೇಡಂ. ಸೊಂಟದ ಪಟ್ಟಿ ಇರಬೇಕು."

"ಎದೆಗೆ ಕಟ್ಕೊಳ್ಳಿ. ನಿಮ್ಮ ಆರೋಗ್ಯ ನೋಡ್ಬೇಕು."

ಹಲ್ಲಜ್ಜ ಅಂಗಿ ಬಿಚ್ಚಿದ. ಬೆಲ್ಟನ್ನು ಮಗುಚಿ ನೋಡಿದ. ಮೇಜಿನ ಮೇಲಿದ್ದ ನೀರಿನ ಲೋಟಕ್ಕೆ ಎರಡು ಬೆರಳು ಅದ್ದಿ, ಒಳಮೈಯಲ್ಲಿದ್ದ ಎರಡು ಕರಿ ರಬ್ಬರ್ ತುಂಡುಗಳಿಗೆ ಚೆನ್ನಾಗಿ ಸವರಿ, ಎದೆಯ ಕೆಳಗೆ ಕಟ್ಟಿ, ಸರಿಯಾಗಿ ಎಡಕ್ಕೆ ಒಂದಿಷ್ಟು ಎಳೆದು ಕೂರಿಸಿದ. ಕೆಲಸ ಬಲ್ಲ ಕೈಗಳು. ಒಮ್ಮೆ ಕಲಿತದ್ದನ್ನು ಮರೆತಂತೆ ನಟಿಸಲು ಅವಕ್ಕೆ ಬರುವುದಿಲ್ಲ.

"ನೀರು ಹಚ್ಚಬೇಕು ಅಂತ ಯಾರು ಹೇಳಿದ್ರು?"

ಮುದುಕನ ಕೈ ಹಾಗೇ ನಿಂತಿತು. ಮುಖ ಹುಳ್ಳಗಾಯಿತು.

"ಒಣಗಿದ್ರೆ ಅದು ಬಡಿತ ಹಿಡಿಯಲ್ಲ," ಎಂದಳು ಆಕೆ. "ನನಗೆ ಇವತ್ತು ಮಧ್ಯಾಹ್ನ ಕೋಚ್ ಹೇಳಿದ. ನಿಮಗೆ?"

ಮುದುಕ ಬೆಲ್ಟಿನ ಅಂಚನ್ನು ಇನ್ನೊಮ್ಮೆ ಎಳೆದು ಕೂರಿಸಿದ.

"ಸರಿ. ಮೆಟ್ಟಿಲು ಹತ್ತಿ ಇಳೀತಾ ಮಾತಾಡಿ. ಮಾತು ಕಷ್ಟ ಆದ ಕೂಡ್ಲೇ ನಿಂತುಬಿಡಿ. ಮೀಸೆ, ಓದು."

ಮೀಸೆ ತನ್ನ ಫೋನು ಹಿಡಿದು ನಿಂತ. ಕೋಚ್ ಅದರೊಳಗೆ ಏನೋ ಹಾಕಿಕೊಟ್ಟಿದ್ದ. "ಐವತ್ತೇಳು... ಮೇಡಂ, ಇವರಿಗೆ ಏನಾದ್ರೂ ಆದ್ರೆ ನಮ್ಮಿಬ್ಬರಿಗೂ ಇದೇ ಲಾಕಪ್ಪು."

"ಓದು ಅಂದ್ರೆ ಓದು."

ಹನ್ನೆರಡು ಮೆಟ್ಟಿಲು. ಹತ್ತಿದ, ಇಳಿದ. "ಏನು ಮಾತಾಡ್ಲಿ ಮೇಡಂ?" ಎಂದ.

"ಸೆಟ್ಟು ಹೇಗೆ ಮಾಡ್ತೀರಿ ಹೇಳಿ."

"ಮೊದಲು ಬಾಯಿ ಅಚ್ಚು ತೆಗೀಬೇಕು. ಆಮೇಲೆ ಮೇಣದಲ್ಲಿ ಹಲ್ಲು ಕೂರಿಸ್ಬೇಕು. ಎಲ್ಲಾ ಒಂದೇ ಸಮ ಕೂರಿಸಬಾರ್ದು ಮೇಡಂ, ನೋಡಿದೋರಿಗೆ ಸುಳ್ಳು ಅಂತ ಗೊತ್ತಾಗುತ್ತೆ. ಒಂದು ಸ್ವಲ್ಪ ಸೊಟ್ಟ ಇರ್ಬೇಕು..."

"ಎಂಬತ್ತು," ಎಂದ ಮೀಸೆ. "ತೊಂಬತ್ತೆರಡು."

ಇಪ್ಪತ್ತನೆಯ ಸಲ ಇಳಿದಾಗ ಅಂಗಿಯಿಲ್ಲದ ಬೆನ್ನು ಬೆವರಿತ್ತು, ಕಾಲು ನಡುಗುತ್ತಿತ್ತು. ಮಾತು ತುಂಡು ತುಂಡಾಗಿ ಬರುತ್ತಿತ್ತು. ಆಕೆ ಕೈಯೆತ್ತಿ ನಿಲ್ಲಿಸಿದಳು.

"ಎಷ್ಟು?"

"ನೂರ ಐದು. ಆಗಿನಿಂದ ಅಲ್ಲೇ ನಿಂತಿದೆ."

ಕುರ್ಚಿ ಎಳೆದು ಮುದುಕನನ್ನು ಕೂರಿಸಿ, ಲೋಟದ ನೀರು ಕುಡಿಸಿ, ಎದುರಿಗೆ ತಾನೂ ಕೂತಳು. ತೊಂಬತ್ಮೂರನೇ ದಿನದ ಹಾಳೆಯನ್ನು ಮೇಜಿನ ಮೇಲಿಟ್ಟಳು.

"ಇದು ನಿಮ್ಮ ಎದೆ ಅಜ್ಜ. ನೀವು ಆವತ್ತು ಬೆಳಿಗ್ಗೆ ಜಿಮ್ಮಲ್ಲಿದ್ರಿ. ದೊಡ್ಡ ಡಾಕ್ಟರನ್ನ ಯಾರೋ ಹೊಡೀತಿರೋ ಹೊತ್ತಿಗೆ ನೀವು ಗೋಡೆ ನೋಡ್ಕೊಂಡು ನಡೀತಿದ್ರಿ. ಒಂದು ಮಾತು ಹೇಳಿದ್ರೆ ಆವತ್ತೇ ಬಿಟ್ಟುಕಳಿಸ್ತಿದ್ದೆ. ಯಾಕೆ ಬಾಯಿಗೆ ಬೀಗ ಹಾಕ್ಕೊಂಡ್ರಿ?"

ಹಲ್ಲಜ್ಜ ಗೆರೆಯನ್ನೇ ನೋಡಿದ. ಬೆರಳಿಟ್ಟು ಅದರ ಉದ್ದಕ್ಕೂ ಸವರಿ, "ಇಷ್ಟು ನಿಧಾನಾನಾ ನಂದು?" ಎಂದ.

"ಅಜ್ಜ!"

"ನಾನು ಅಲ್ಲಿದ್ದೆ ಅಂದ್ರೆ, ಅವರು ಎಲ್ಲಿದ್ರು ಅಂತ ಕೇಳ್ತಿದ್ರಿ ಮೇಡಂ."

"ಚಿಕ್ಕ ಡಾಕ್ಟರು."

"ಹಿಂದಿನ ದಿನ ಬಂದು ಕೈ ಹಿಡ್ಕೊಂಡ್ರು. ತೊಂಬತ್ತೆರಡು ದಿನದ ಶ್ರಮ, ನಾಳೆ ಒಂದಿನ ನಡೆದುಬಿಡಿ ಮಾವ, ಅಂದ್ರು."

"ಮಾವ?"

"ಮಗಳಿಗೂ ಅವರಿಗೂ ಮದುವೆ ಮಾತಾಗಿದೆ. ಮುಂದಿನ ತಿಂಗಳು. ಅದಕ್ಕೆ ಮೊದಲು ಯಾರಿಗೂ ಹೇಳೋದು ಬೇಡ ಅಂದಿದ್ರು, ಹೇಳಿರ್ಲಿಲ್ಲ."

ಇನ್ಸ್‌ಪೆಕ್ಟರಮ್ಮನಿಗೆ ಆಗ ಹೊಳೆಯಿತು. ಕಾರು. ಎಂಟು ದಿನದ ಕಾರು.

"ಅವರೇ ಕೊಂದಿದ್ದು ಅಂತ ನಿಮಗೆ ಗೊತ್ತಿತ್ತು."

"ಗೊತ್ತಿರ್ಲಿಲ್ಲ. ಗೊತ್ತು ಮಾಡ್ಕೊಳ್ಳೋಕೆ ಮನಸ್ಸಿರ್ಲಿಲ್ಲ." ಮುದುಕ ಅಂಗಿಯನ್ನು ಮಡಿಲಲ್ಲಿ ಮುದುಡಿಕೊಂಡ. "ಅವಳ ಅಮ್ಮ ಹೋಗಿ ಹನ್ನೊಂದು ವರ್ಷ. ಆ ಮನೇಲಿ ನಗು ಕೇಳಿದ್ದು ಈ ವರ್ಷಾನೇ ಮೇಡಂ. ಸ್ನಾನ ಮಾಡ್ತಾ ಹಾಡೋಳು. ನಾನು ಎಷ್ಟು ದಿನದವನು? ಅರ್ಧ ಮಾತ್ರೇಲಿ ಓಡ್ತಿರೋ ಗಾಡಿ. ಅವಳ ಹಾಡು ನಿಲ್ಲಿಸಿ ನಾನು ಹೊರಗೆ ಬಂದು ಏನು ಮಾಡ್ಲಿ?"

"ಒಬ್ಬ ಕೊಲೆಗಾರನ ಕೈಗೆ ಮಗಳನ್ನ ಕೊಟ್ಟು ಜೈಲಿಗೆ ಹೋಗ್ತೀರಾ? ಇದು ಪ್ರೀತೀನಾ? ನಾಳೆ ಅವಳ ತಲೆಗೂ ಒಂದು ಅಚ್ಚು ಬಿದ್ರೆ?"

ಒರಟಾಗಿಯೇ ಹೇಳಿದಳು, ಬೇಕೆಂದೇ. ಅದು ನಾಟಿತು. ಹಲ್ಲಜ್ಜ ಅಂಗಿಯನ್ನು ಮೇಜಿನ ಮೇಲಿಟ್ಟ. ಅವನು ಬೆಳಗಿನಿಂದ ಸಂಜೆಯವರೆಗೆ ಎಂಟು ದಿನ ಈ ಯೋಚನೆಯನ್ನು ಬಾಗಿಲಾಚೆಯೇ ನಿಲ್ಲಿಸಿಕೊಂಡಿದ್ದ.

"ಪೆನ್ನು ಕೊಡಿ," ಎಂದ ಕೊನೆಗೆ. "ಅವಳಿಗೆ ನೀವೇ ಹೇಳ್ಬೇಕು. ನನ್ನಿಂದ ಆಗಲ್ಲ."

ಮೀಸೆ ಕಾಗದ ಹಾಸಿದ. ಮುದುಕ ತನ್ನ ಹೆಸರು ಬರೆದ, ವಯಸ್ಸು ಬರೆದ, ಉದ್ಯೋಗ ಬರೆದ. ಗಂಟೆ ನಾಲ್ಕೂ ಇಪ್ಪತ್ತು. ಇನ್ನು ನಾಲ್ಕು ಸಾಲು, ಒಂದು ಸಹಿ. ಎಂಟು ದಿನದಲ್ಲಿ ಮೊದಲ ಸಲ ಇನ್ಸ್‌ಪೆಕ್ಟರಮ್ಮನ ಹೆಗಲು ಸ್ವಲ್ಪ ಇಳಿಯಿತು.

"ಅಪ್ಪ, ಪೆನ್ನು ಕೆಳಗಿಡಿ."

ಮಗಳು ವರಾಂಡದ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಡಬ್ಬಿ ಬೆಂಚಿನ ಮೇಲೇ ಉಳಿದಿತ್ತು, ಬರಿಗೈ.

"ನೀನು ಹೊರಗಿರಮ್ಮ," ಎಂದಳು ಇನ್ಸ್‌ಪೆಕ್ಟರಮ್ಮ. "ನಾನು ಬಂದು ಎಲ್ಲಾ ಹೇಳ್ತೀನಿ."

"ನಾನೇ ಹೇಳ್ಬೇಕಾಗಿದೆ ಮೇಡಂ. ಹೇಳಿಕೆ ಕೊಡ್ತೀನಿ, ಬರ್ಕೊಳ್ಳಿ." ಅವಳ ಸ್ವರ ರೋಗಿಗಳ ಸರದಿ ಕೂಗುವ ಸ್ವರ, ಏರಿಳಿತವಿಲ್ಲದ್ದು. "ಅಪ್ಪ ಆವತ್ತು ಜಿಮ್ಮಿಗೆ ಹೋಗಿರ್ಲಿಲ್ಲ. ಆರೂಕಾಲಿಗೆ ಕ್ಲಿನಿಕ್ಕಿಗೆ ಬಂದ್ರು. ದೊಡ್ಡ ಡಾಕ್ಟರ ಜೊತೆ ಜಗಳ ಆಯ್ತು. ಅಪ್ಪ ಅಚ್ಚು ಎತ್ತಿದ್ದು ನಾನು ನೋಡಿದೆ."

ಮೀಸೆಯ ಬಾಯಿ ತೆರೆದೇ ಇತ್ತು.

"ನೀನು ಚಿಕ್ಕಮ್ಮನ ಮನೇಲಿದ್ದೆ ಅಂದಿದ್ದೆ," ಎಂದಳು ಇನ್ಸ್‌ಪೆಕ್ಟರಮ್ಮ.

"ಸುಳ್ಳು ಹೇಳಿದ್ದೆ. ಅಪ್ಪನ್ನ ಉಳಿಸೋಕೆ. ನಾನು ಒಳಕೋಣೇಲಿದ್ದೆ."

"ಅಷ್ಟು ಬೆಳಿಗ್ಗೆ ಅಲ್ಲಿ ನಿನಗೇನು ಕೆಲಸ?"

"ಕೆಲಸ ಇತ್ತು."

"ಚಿಕ್ಕ ಡಾಕ್ಟರು ಜೊತೆಗಿದ್ರಾ?"

"ಇಲ್ಲ." ಈ ಸಲ ಮಾತ್ರ ಸ್ವರ ಸ್ವಲ್ಪ ಅವಸರಪಟ್ಟಿತು. "ಅವರು ಬಂದೇ ಇಲ್ಲ. ಅವರು ಇರ್ಲಿಲ್ಲ. ಅಲ್ಲಿ ಇದ್ದಿದ್ದು ಮೂರೇ ಜನ. ದೊಡ್ಡ ಡಾಕ್ಟರು, ನಾನು, ಅಪ್ಪ."

ಇನ್ಸ್‌ಪೆಕ್ಟರಮ್ಮ ಮುದುಕನ ಕಡೆ ನೋಡಲಿಲ್ಲ. ನೋಡುವ ಧೈರ್ಯ ಬರಲಿಲ್ಲ. ಹೆತ್ತ ಮಗಳು, ಎಂಟು ದಿನ ಅನ್ನ ಹೊತ್ತು ತಂದವಳು, ಮದುವೆಯಾಗಬೇಕಾದವನ ಹೆಸರು ಬರುವ ಮುಂಚೆ ಅಪ್ಪನನ್ನು ನೇಣಿನ ಕೆಳಗೆ ತಳ್ಳಿದ್ದಳು. ತಳ್ಳಿ, ಕಣ್ಣು ಮಿಟುಕಿಸದೆ ನಿಂತಿದ್ದಳು. ಆಕೆಗೆ ಅವಳ ಕೆನ್ನೆಗೆ ಬಾರಿಸಬೇಕೆನ್ನಿಸಿತು. ಮರುಕ್ಷಣವೇ ಲೆಕ್ಕ ತಾನಾಗಿ ತಲೆಯಲ್ಲಿ ನಡೆದುಹೋಯಿತು.

ಮೂವರು ಎಂದಳು. ಒಬ್ಬ ಸತ್ತ. ಇನ್ನೊಬ್ಬ ಆ ಹೊತ್ತಿಗೆ ಜಿಮ್ಮಿನಲ್ಲಿದ್ದನೆಂದು ಮೇಜಿನ ಮೇಲಿನ ಗೆರೆಯೇ ಹೇಳುತ್ತಿದೆ. ಹಾಗಾದರೆ ಆ ಕೋಣೆಯಲ್ಲಿ ಉಳಿದವಳು ಒಬ್ಬಳೇ. ಆ ಹುಡುಗಿಗೆ ಪ್ರೇಮದ ಅಮಲಿನಲ್ಲಿ ತಾನೇನು ಹೇಳಿದೆನೆಂಬುದು ಇನ್ನೂ ತಿಳಿದಿರಲಿಲ್ಲ.

ಹಲ್ಲಜ್ಜನಿಗೆ ತಿಳಿದಿತ್ತು. ಇಡೀ ಜೀವಮಾನ ಕೂದಲೆಳೆಯ ಸಂದು ನೋಡಿ ಹಲ್ಲು ಕೂರಿಸಿದವನಿಗೆ ಇದು ತಿಳಿಯುವುದೆಷ್ಟು ಹೊತ್ತು? ಅವನ ಮುಖದ ರಕ್ತವೆಲ್ಲ ಇಳಿದುಹೋಯಿತು, ತುಟಿ ಬೆಳ್ಳಗಾಯಿತು. ಬೆಲ್ಟು ಇನ್ನೂ ಎದೆಯ ಮೇಲೇ ಇತ್ತು. ಮೀಸೆ ಅಭ್ಯಾಸಬಲದಿಂದ ಫೋನು ನೋಡಿದ. ಅರವತ್ಮೂರು. ಆ ಮಾತ್ರೆ ಇದಕ್ಕೂ ಅಡ್ಡ ನಿಂತಿತ್ತು.

ಮುದುಕ ಎದ್ದು ಬಂದು ಗೆರೆಯ ಹಾಳೆಯ ಮೇಲೆ ಎರಡೂ ಅಂಗೈ ಊರಿದ.

"ಮೇಡಂ, ಇದು ನಂದಲ್ಲ."

"ಅಜ್ಜ, ಕೂತ್ಕೊಳ್ಳಿ. ನಾನು ನೋಡಿದೀನಿ, ಮೀಸೆ ನೋಡಿದಾನೆ..."

"ನಂದಲ್ಲ! ಬೆಲ್ಟು ಕೆಟ್ಟಿದೆ. ಆಗ ಹೇಳಿದ್ದೆಲ್ಲ ಸುಳ್ಳು. ನೀವು ಬೆದರಿಸಿದ್ರಿ, ಹೇಳಿದೆ." ಅವನು ಮಗಳ ಕಡೆ ತಿರುಗಲಿಲ್ಲ. "ಅವಳು ಅಲ್ಲಿರ್ಲಿಲ್ಲ. ಅದನ್ನ ಬರೀಬೇಡಿ. ಅವಳು ಚಿಕ್ಕಮ್ಮನ ಮನೇಲಿದ್ಲು, ಮೊದಲು ಹೇಳಿದ್ದೇ ನಿಜ. ನಾನೊಬ್ಬನೇ ಇದ್ದೆ."

"ಅಪ್ಪ..." ಎಂದಳು ಹುಡುಗಿ. ಈಗಷ್ಟೇ ಅವಳ ಸ್ವರ ಒಡೆಯಿತು. ಯಾವುದಕ್ಕೆ ಒಡೆಯಿತೆಂದು ಯಾರಿಗೆ ಗೊತ್ತು.

ಹಲ್ಲಜ್ಜ ಪೆನ್ನು ಎತ್ತಿಕೊಂಡ. ತನ್ನ ಹೆಸರು, ವಯಸ್ಸು, ಉದ್ಯೋಗವೆಂದು ಆಗಲೇ ಬರೆದಿಟ್ಟಿದ್ದ ಮೂರು ಸಾಲಿನ ಕೆಳಗೆ, ಗಾರೆಪುಡಿ ಕೂತ ಬೆರಳುಗಳಿಂದ, ನಿಧಾನವಾಗಿ, ತಪ್ಪಿಲ್ಲದೆ ಬರೆಯತೊಡಗಿದ. ಇನ್ಸ್‌ಪೆಕ್ಟರಮ್ಮ ಅವನ ಮಣಿಕಟ್ಟು ಹಿಡಿದಳು. ಮುದುಕ ತಲೆಯೆತ್ತಿ ನೋಡಿದ. ಅವನ ಕಣ್ಣಲ್ಲಿ ಬೇಡಿಕೆಯಿತ್ತು, ಅಪ್ಪಣೆಯೂ ಇತ್ತು.

"ನನ್ನ ಕೈ ಬಿಡಿ ಮೇಡಂ. ಬಿಡಲ್ಲ ಅಂದ್ರೆ ನೀವೇ ಬರ್ಕೊಳ್ಳಿ, ನಾನು ಹೇಳ್ತೀನಿ. ದೊಡ್ಡ ಡಾಕ್ಟರನ್ನ ಹೊಡೆದಿದ್ದು ನಾನು. ಬರೆದ್ರಾ? ಐದಕ್ಕೆ ಮುಂಚೆ ಹೊರಡ್ಬೇಕಲ್ಲ, ಬೇಗ ಬರೀರಿ."